ಗಣಕಯಂತ್ರ ಬಳಕೆ: ಲಿಖಿತ ಆದೇಶಗಳಿಂದ ಚಿತ್ರಪರದೆಗೆ

1981ರಲ್ಲಿ ಬಂದ ಎಂಎಸ್-ಡಾಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕೆಲಸಕ್ಕೂ ಇಂಗ್ಲಿಷ್ ಆದೇಶವನ್ನು ಕೀಲಿಮಣೆಯಿಂದ ಬೆರಳಚ್ಚಿಸಬೇಕಾಗಿತ್ತು. ಅಕ್ಷರ ತಪ್ಪಿದರೆ ಆದೇಶವು ನೆರವೇರುತ್ತಿರಲಿಲ್ಲ. 1984ರ ಮ್ಯಾಕಿಂಟಾಷ್ ಹಾಗೂ 1995ರ ವಿಂಡೋಸ್ 95 ಬಂದ ನಂತರ ಪರದೆಯ ಚಿತ್ರಗಳನ್ನು ಮೌಸ್‌ನಿಂದ ಒತ್ತಿ ಕೆಲಸ ಮಾಡುವ ವಿಧಾನವು ವ್ಯಾಪಕವಾಯಿತು. ಆದೇಶಗಳನ್ನು ಕಂಠಪಾಠ ಮಾಡುವ ಅವಶ್ಯಕತೆ ಕಡಿಮೆಯಾಯಿತು.

ಆದಾಗ್ಯೂ ಲಿಖಿತ ಆದೇಶಗಳು ಕಣ್ಮರೆಯಾಗಿಲ್ಲ. ಬೆಂಗಳೂರಿನ ಹೆಗ್ಗನಹಳ್ಳಿ ಹಾಗೂ ಸಮೀಪದ ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರಾಗಾರಗಳಲ್ಲಿ ಬಳಸಲಾಗುವ ಸಿಎನ್‌ಸಿ ಯಂತ್ರಗಳು ಇಂದಿಗೂ ಸಾಮಾನ್ಯವಾಗಿ ಜಿ-ಕೋಡ್ ಎಂಬ ಆದೇಶಗಳಿಂದಲೇ ನಡೆಯುತ್ತವೆ. 'ಜಿ00' ಎಂದರೆ ಉಪಕರಣದ ಅತಿವೇಗದ ಚಲನೆ. 'ಜಿ01' ಎಂದರೆ ನಿಗದಿತ ವೇಗದಲ್ಲಿ ಸರಳರೇಖೆಯಲ್ಲಿ ಲೋಹವನ್ನು ಕತ್ತರಿಸುವ ಚಲನೆ.

ಕ್ಯಾಮ್ ತಂತ್ರಾಂಶಕ್ಕೆ ಬಿಡಿಭಾಗದ ವಿನ್ಯಾಸವನ್ನು ಒದಗಿಸಿ, ಉಪಕರಣ ಹಾಗೂ ವೇಗವನ್ನು ಆಯ್ಕೆ ಮಾಡಿದಲ್ಲಿ ಅದು ಕೋಡನ್ನು ಸಿದ್ಧಪಡಿಸುತ್ತದೆ; ಉಪಕರಣ ಸಾಗುವ ಮಾರ್ಗವನ್ನು ಪರದೆಯ ಮೇಲೆ ಮೊದಲೇ ಪರಿಶೀಲಿಸಬಹುದಾಗಿದೆ. ಆದರೆ ಯಂತ್ರದ ಬಳಿ ಕೋಡನ್ನು ತಿದ್ದುವಾಗ 'ಜಿ01' ಬದಲಿಗೆ 'ಜಿ00' ಎಂದು ನಮೂದಾದಲ್ಲಿ, ಉಪಕರಣವು ಲೋಹಕ್ಕೆ ರಭಸದಿಂದ ಬಡಿದು ಮುರಿಯಬಹುದು, ನಿರ್ವಾಹಕರಿಗೂ ಅಪಾಯವಾಗಬಹುದು. ಆದುದರಿಂದ ಚಿತ್ರಪರದೆಯ ಮೂಲಕ ತರಬೇತಿ ಪಡೆಯುವವರು ಕೋಡನ್ನು ಓದಿ ಅರ್ಥಮಾಡಿಕೊಳ್ಳಲು ಕಲಿಯುವುದು ಅತ್ಯವಶ್ಯಕವಾಗಿರುತ್ತದೆ.