ರೋಮಕರ ಬೆಳ್ಳಿನಾಣ್ಯಗಳಲ್ಲಿ ಪೌರೋಹಿತ್ಯದ ಲಾಂಛನಗಳು

ಸಂಸ್ಕೃತದ ‘ದೀನಾರ’ ಶಬ್ದಕ್ಕೆ ರೋಮಕರ ‘ದಿನಾರಿಯಸ್’ ಮೂಲವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಮರಸಿಂಹನು ಅದನ್ನು ನಿಷ್ಕಶಬ್ದದ ಅರ್ಥಗಳಲ್ಲೊಂದಾಗಿ ಹೇಳಿರುವನು. ಭಾರತದಲ್ಲಿ ಆ ಹೆಸರು ಚಿನ್ನದ ನಾಣ್ಯಕ್ಕೆ ಸಂದಿತಾದರೂ ಮೂಲದಲ್ಲಿ ಅದು ಕ್ರಿ. ಪೂ. 211ರ ಸುಮಾರಿಗೆ ಹುಟ್ಟಿದ ಬೆಳ್ಳಿಯ ನಾಣ್ಯ. ಅದರ ಮೇಲಣ ಚಿತ್ರಗಳನ್ನು ಬರಿಯ ಅಲಂಕಾರವೆಂದೆಣಿಸಿದರೆ ಅರ್ಥದ ಬಹುಭಾಗವು ನಷ್ಟವಾಗುವುದು.

ಜೂಲಿಯಸ್ ಸೀಸರನು ಕ್ರಿ. ಪೂ. 49ರಲ್ಲಿ ಮೊದಲಾದ ಅಂತರ್ಯುದ್ಧದ ಕಾಲದಲ್ಲಿ ಅಚ್ಚೊತ್ತಿಸಿದ ನಾಣ್ಯವೊಂದರ ಮುಖದಲ್ಲಿ ಆನೆಯು ಸರ್ಪವನ್ನು ಮೆಟ್ಟುತ್ತಿದೆ. ಅದು ಸರ್ಪವಲ್ಲ, ಗಾಲರ ರಣಕಹಳೆಯೆಂಬವರೂ ಉಂಟು. ಹಿಂಬದಿಯಲ್ಲಿ ದೇವತೆಯೂ ಇಲ್ಲ, ಅಧಿಪತಿಯ ಮುಖವೂ ಇಲ್ಲ. ಮದ್ಯವನ್ನು ಎರೆಯುವ ಸೌಟು, ಪ್ರೋಕ್ಷಣೆಯ ಕುಂಚ, ಬಲಿಯ ಕೊಡಲಿ, ಪುರೋಹಿತನ ಟೊಪ್ಪಿಗೆ—ಇವಿಷ್ಟೇ. ಸೌಟನ್ನು ಕಂಡೊಡನೆ ವೈದಿಕರಿಗೆ ಸ್ರುವವು ನೆನಪಾಗುವುದು ಸಹಜ. ಆದರೆ ಆಕಾರಸಾಮ್ಯವೊಂದರಿಂದಲೇ ಸಂಬಂಧವನ್ನು ಕಲ್ಪಿಸುವುದು ಸಾಹಸವಾದೀತು. ಸೀಸರನು ಕ್ರಿ. ಪೂ. 63ರಿಂದಲೂ ‘ಪಾಂಟಿಫೆಕ್ಸ್ ಮ್ಯಾಕ್ಸಿಮಸ್’, ಎಂದರೆ ಮಹಾಪುರೋಹಿತನು. ಸೆನೇಟಿನ ಆಜ್ಞೆಯನ್ನು ಮೀರಿ ಸೈನ್ಯದೊಡನೆ ರೂಬಿಕಾನ್ ನದಿಯನ್ನು ದಾಟಿದವನಿಗೆ, ರಾಷ್ಟ್ರದ ಧರ್ಮಕಾರ್ಯಗಳಿಗೆ ತಾನೇ ಅಧಿಕಾರಿಯೆಂದು ಸಾರುವ ಅಗತ್ಯವಿದ್ದಿತು. ಅದನ್ನು ಸಾರಿದವು ಈ ನಾಲ್ಕು ಉಪಕರಣಗಳು. ಅವನ ಸೈನಿಕರ ಕೈಗೆ ವೇತನವಾಗಿ ಹೋದ ನಾಣ್ಯವಿದು.

ಆಗಸ್ಟಸನು ಈ ಭಾಷೆಯನ್ನು ತನ್ನ ವಂಶಕ್ಕೂ ಬಳಸಿದನು. ಇಂದಿನ ಲಿಯೋನ್ ನಗರದಲ್ಲಿ ಕ್ರಿ. ಪೂ. 2ರಿಂದ ಅಚ್ಚಾದ ನಾಣ್ಯದಲ್ಲಿ ಅವನ ದತ್ತುಪುತ್ರರಾದ ಗಾಯಸ್, ಲೂಷಿಯಸ್ ಇಬ್ಬರೂ ಗುರಾಣಿ ಈಟಿಗಳೊಡನೆ ನಿಂತಿರುವರು. ಮೇಲೆ ಒಂದು ಸೌಟು, ಒಂದು ತುದಿಬಾಗಿದ ಕೋಲು. ಸೌಟು ಗಾಯಸನ ಪುರೋಹಿತಪದವಿಗೆ ಗುರುತು. ಕೋಲು ಲೂಷಿಯಸನು ಪಕ್ಷಿಶಕುನವನ್ನು ನೋಡುವ ಮಂಡಲಿಗೆ ಸೇರಿದವನೆಂಬುದಕ್ಕೆ ಗುರುತು. ಕ್ರಿ. ಶ. 4ರೊಳಗೆ ಇಬ್ಬರೂ ಮಡಿದರು.

ತರುವಾಯ ಪಟ್ಟಕ್ಕೆ ಬಂದ ಟಿಬೇರಿಯಸನ ನಾಣ್ಯದಲ್ಲಿ ರಾಜದಂಡವನ್ನೂ ಶಾಖೆಯನ್ನೂ ಹಿಡಿದು ಕುಳಿತ ಸ್ತ್ರೀಯಿದ್ದಾಳೆ. ಅವಳು ಅವನ ತಾಯಿ ಲಿವಿಯಾ ಎಂದು ಹಲವರ ಮತ, ಶಾಂತಿದೇವತೆಯೆಂದು ಕೆಲವರದು. ಸುತ್ತಲಿನ ಬರಹವು ಎರಡಕ್ಕೂ ಒಡಂಬಡದೆ ಚಕ್ರವರ್ತಿಯ ಮಹಾಪುರೋಹಿತಪದವಿಯನ್ನು ಮಾತ್ರ ಹೇಳುತ್ತದೆ.

ಟಿಬೇರಿಯಸನ ಬೆಳ್ಳಿನಾಣ್ಯವು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿಯೂ ದೊರೆತಿದೆ. ಸಮುದ್ರವನ್ನು ದಾಟಿದ ಮೇಲೆ ಈ ಲಾಂಛನಗಳನ್ನು ಓದುವವರಿರಲಿಲ್ಲ, ಬೆಳ್ಳಿಗಷ್ಟೇ ಬೆಲೆ. ಭಾರತದಲ್ಲಿ ಸಿಕ್ಕಿದ ರೋಮಕ ನಾಣ್ಯಗಳಲ್ಲಿ ಕೆಲವಕ್ಕೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಗಾಯಗಳಿವೆ.