ಲ್ಯಾಪ್‌ಟಾಪ್ ಆನ್ ಆಗದಿದ್ದರೆ: ತಪ್ಪು ಕಲ್ಪನೆ ಮತ್ತು ಸತ್ಯ

ಪವರ್ ಬಟನ್ ಒತ್ತಿದ ಮೇಲೆ ಲ್ಯಾಪ್‌ಟಾಪ್ ಹಂತ ಹಂತವಾಗಿ ಎದ್ದೇಳುತ್ತದೆ. ಮೊದಲು ಮದರ್‌ಬೋರ್ಡ್‌ಗೆ ವಿದ್ಯುತ್ ಸಿಗಬೇಕು. ಆಮೇಲೆ ಬೋರ್ಡಿನ ಚಿಪ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ ರ‍್ಯಾಮ್, ಡಿಸ್ಕ್ ಮುಂತಾದವುಗಳನ್ನು ಪರೀಕ್ಷಿಸುತ್ತದೆ. ಅದು ಮುಗಿದ ಮೇಲಷ್ಟೇ ಡಿಸ್ಕ್‌ನಿಂದ ವಿಂಡೋಸ್ ಲೋಡ್ ಆಗುವುದು. ಎಲ್ಲಿ ನಿಂತಿತು ಎಂದು ನೋಡದೆ ರಿಪೇರಿಗೆ ಕೈಹಾಕುವುದರಿಂದಲೇ ಹಣವೂ ಫೈಲುಗಳೂ ವೃಥಾ ಕಳೆದುಹೋಗುತ್ತವೆ.

ತಪ್ಪು ಕಲ್ಪನೆ: ಪರದೆ ಕಪ್ಪಾಗಿದ್ದರೆ ಮದರ್‌ಬೋರ್ಡ್ ಹೋಗಿದೆ ಎಂದೇ ಅರ್ಥ.

ಸತ್ಯ: ಫ್ಯಾನ್ ಸದ್ದು ಕೇಳಿಸುತ್ತಿದ್ದು, ಕ್ಯಾಪ್ಸ್ ಲಾಕ್ ಒತ್ತಿದಾಗಲೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ ಬೋರ್ಡ್ ಕೆಲಸ ಮಾಡುತ್ತಿದೆ. ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಮಸುಕಾಗಿ ಚಿತ್ರ ಕಂಡರೆ, ಕೆಟ್ಟಿರುವುದು ಬ್ಯಾಕ್‌ಲೈಟ್ ಅಥವಾ ಅದಕ್ಕೆ ವಿದ್ಯುತ್ ಒಯ್ಯುವ ಭಾಗ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ ನೋಡುವುದು ಇನ್ನೂ ಸುಲಭದ ಪರೀಕ್ಷೆ.

ಒಂದು ದೀಪವೂ ಹತ್ತದಿದ್ದರೆ ಮೊದಲ ಅನುಮಾನ ಚಾರ್ಜರ್ ಮೇಲೆ. ಟೈಪ್-ಸಿ ಪಿನ್ ಹೊಂದಿಕೊಂಡಿತೆಂದು ಫೋನಿನ 18 ವ್ಯಾಟ್ ಚಾರ್ಜರ್ ಸಿಕ್ಕಿಸಿದರೆ 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗೆ ಅದು ಸಾಲದು. ಚಾರ್ಜರ್ ಸರಿಯಿದ್ದೂ ಜೀವ ಬರದಿದ್ದರೆ ಅದನ್ನು ಕಿತ್ತು, ಕಳಚಬಲ್ಲ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದು, ಎಷ್ಟೋ ಯಂತ್ರಗಳು ಇಷ್ಟರಿಂದಲೇ ಸರಿಹೋಗುತ್ತವೆ. ಬೀಪ್ ಸದ್ದು ಬಂದರೆ ಎಷ್ಟು ಸಲ ಎಂದು ಎಣಿಸಿಕೊಳ್ಳಬೇಕು. ಅದು ದೋಷದ ಸಂಕೇತ, ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ.

ತಪ್ಪು ಕಲ್ಪನೆ: ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿಯಾಗುತ್ತದೆ.

ಸತ್ಯ: ಅತಿ ಹೆಚ್ಚು ನಷ್ಟ ಮಾಡುವ ನಂಬಿಕೆ ಇದೇ. ಕಂಪನಿಯ ಲೋಗೋ ಕೂಡ ಬಾರದ ಯಂತ್ರ ವಿಂಡೋಸ್‌ವರೆಗೆ ತಲುಪಿಯೇ ಇಲ್ಲ. ಅಲ್ಲಿ ಫಾರ್ಮ್ಯಾಟ್ ನಿರರ್ಥಕ. ಲೋಗೋ ಬಂದು ‘ನೋ ಬೂಟಬಲ್ ಡಿವೈಸ್’ ಎಂದು ತೋರಿಸಿದರೆ ಮರೆತು ಬಿಟ್ಟ ಪೆನ್‌ಡ್ರೈವ್ ತೆಗೆದು ನೋಡಬೇಕು. ನೀಲಿ ಪರದೆ ಬಂದರೂ ಫಾರ್ಮ್ಯಾಟ್ ಅನಿವಾರ್ಯವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಯಲ್ಲಿ ನಿಂತವು. ಅವುಗಳ ಹಾರ್ಡ್‌ವೇರ್‌ಗೆ ಏನೂ ಆಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಫೈಲ್ ಅಳಿಸುವುದು ಅಂದು ಸೂಚಿಸಿದ ಪರಿಹಾರವಾಗಿತ್ತು.

ವಿಂಡೋಸ್ 10 ಮತ್ತು 11ರಲ್ಲಿ ಆರಂಭ ಸತತವಾಗಿ ವಿಫಲವಾದರೆ ದುರಸ್ತಿ ಪರದೆ ಸಾಮಾನ್ಯವಾಗಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಸ್ಟಾರ್ಟಪ್ ರಿಪೇರ್, ಸೇಫ್ ಮೋಡ್, ಹೊಸ ಅಪ್‌ಡೇಟ್ ತೆಗೆದುಹಾಕುವ ಆಯ್ಕೆ ಎಲ್ಲವೂ ಅಲ್ಲಿವೆ. ಇವು ಫಲಿಸದಿದ್ದರೆ ‘ಕೀಪ್ ಮೈ ಫೈಲ್ಸ್’ ಆಯ್ಕೆಯ ರೀಸೆಟ್ ಇದೆ. ಫೈಲುಗಳು ಉಳಿಯುತ್ತವೆ, ಆ್ಯಪ್‌ಗಳನ್ನು ಮತ್ತೆ ಹಾಕಿಕೊಳ್ಳಬೇಕು.

ತಪ್ಪು ಕಲ್ಪನೆ: ಮತ್ತೆ ಮತ್ತೆ ಆನ್ ಮಾಡುತ್ತಿದ್ದರೆ ಒಮ್ಮೆಯಾದರೂ ಎದ್ದೀತು.

ಸತ್ಯ: ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಪ್ರತಿ ಪ್ರಯತ್ನವೂ ಒಳಗಿನ ತಟ್ಟೆಗಳಿಗೆ ಹಾನಿ ಮಾಡಬಹುದು. ನೀರು ಬಿದ್ದಿದ್ದರಂತೂ ಆನ್ ಮಾಡಲೇಬಾರದು.

ಲ್ಯಾಪ್‌ಟಾಪ್ ಸತ್ತರೂ ಡಿಸ್ಕ್ ಚೆನ್ನಾಗಿದ್ದು ಕಳಚಲು ಬರುವಂತಿದ್ದರೆ, ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಫೈಲುಗಳನ್ನು ತೆಗೆದುಕೊಳ್ಳಬಹುದು. ಆದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ರಕ್ಷಣೆಯಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬೇಕು. ಅದನ್ನು ಯಂತ್ರ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಎಲ್ಲೂ ಉಳಿಸಿರದ ಕೀಯನ್ನು ಮೈಕ್ರೋಸಾಫ್ಟ್ ಕೂಡ ಮರಳಿ ಕೊಡಲಾರದು.