ಪಾರ್ಫಿರೋಜೆನಿಚರ್: ಅಕ್ಷರ, ಉಚ್ಚಾರ, ಅರ್ಥ

ಇತಿಹಾಸಗ್ರಂಥಗಳ ಅನುವಾದದಲ್ಲಿ ವಿರಳವಾಗಿ ಎದುರಾಗುವ ಇಂಗ್ಲಿಷ್ ಪದಗಳಲ್ಲಿ ‘ಪಾರ್ಫಿರೋಜೆನಿಚರ್’ ಒಂದು. ತಂದೆ ಪಟ್ಟವೇರಿದ ಮೇಲೆ ಹುಟ್ಟಿದ ಮಗನಿಗೆ, ಅದಕ್ಕೆ ಮೊದಲು ಹುಟ್ಟಿದ ಅಣ್ಣಂದಿರಿಗಿಂತ ಸಿಂಹಾಸನದ ಮೇಲೆ ಹೆಚ್ಚಿನ ಹಕ್ಕುಂಟೆಂಬ ವಾದವನ್ನು ಇದು ಸೂಚಿಸುತ್ತದೆ. ಇದರ ಪೂರ್ವಪದ ಕೆನ್ನೀಲಿ ಬಣ್ಣವನ್ನು ಹೇಳುವ ಗ್ರೀಕ್ ಶಬ್ದ. ಬೈಜಾಂಟಿಯಂ ಅರಮನೆಯ ಆ ಬಣ್ಣದ ಕೋಣೆಯಲ್ಲಿ ಜನಿಸಿದವನೆಂದೇ ಏಳನೆಯ ಕಾನ್‌ಸ್ಟಂಟೈನ್ ಚಕ್ರವರ್ತಿ (ಆಳ್ವಿಕೆ 913–959) ಬಿರುದಾಂಕಿತನಾದನು.

ಲಿಪಿಯ ಅಕ್ಷರವೂ ನುಡಿಯ ಅಕ್ಷರವೂ ಒಂದೇ ಅಲ್ಲವೆಂಬುದಕ್ಕೆ ಪುಣೆಯ ಖಡಕಿ ಸಮೀಪದ ನಿದರ್ಶನ. 1817ರ ನವೆಂಬರ್ 5ರಂದು ಪೇಶ್ವೆಯ ಸೇನೆ ಇಲ್ಲಿ ಇಂಗ್ಲಿಷರಿಗೆ ಸೋತಿತು. ಬರೆಹದಲ್ಲಿ ಈ ಹೆಸರಿಗೆ ಮೂರು ಅಕ್ಷರ. ಮರಾಠಿಗರ ಬಾಯಲ್ಲಿ ನಡುವಣ ಅಕಾರ ಲೋಪವಾಗಿ ‘ಖಡ್–ಕಿ’ ಎಂಬ ಎರಡೇ. ಕನ್ನಡಿಗರು ಮೂರನ್ನೂ ನುಡಿಯುತ್ತಾರೆ. ಇಂಗ್ಲಿಷರು ಡಕಾರವನ್ನು ರೇಫವೆಂದು ಕೇಳಿ ‘ಕಿರ್ಕೀ’ ಎಂದು ಬರೆದರು.

ಪ್ರಸ್ತುತ ಪದದ ನುಡಿವಿಭಾಗ ಪಾರ್–ಫಿ–ರೋ–ಜೆ–ನಿ–ಚರ್ ಎಂದು ಆರು. ಲಿಪಿಯಲ್ಲಿ ರೇಫವು ‘ಫಿ’ಯನ್ನು ಸೇರಿದರೂ ಕಿವಿಗೆ ಅದು ಹಿಂದಿನ ಅಕ್ಷರದ ಪಾಲು, ಬ್ರಿಟಿಷರು ಎರಡೂ ರೇಫಗಳನ್ನು ನುಂಗುತ್ತಾರೆ. ‘ಫಿ’ ಇಲ್ಲಿ ಮಹಾಪ್ರಾಣವಲ್ಲ, ಹಲ್ಲು ತುಟಿಗಳ ನಡುವಣ ಉಸಿರಿನ ಧ್ವನಿ. ಛಂದಸ್ಸಿನ ಅಭ್ಯಾಸವುಳ್ಳ ಕನ್ನಡಿಗನು ಗುರುವಾದ ‘ಪಾರ್’, ‘ರೋ’ಗಳ ಮೇಲೆ ಸಹಜವಾಗಿ ನಿಲ್ಲುತ್ತಾನೆ, ಇಂಗ್ಲಿಷಿನ ಮುಖ್ಯ ಒತ್ತಾದರೋ ನಮ್ಮ ಲೆಕ್ಕಕ್ಕೆ ಲಘುವಾದ ‘ಜೆ’ಯ ಮೇಲೆ. ಗುರುತ್ವ ಕಾಲದ ಅಳತೆ, ಒತ್ತು ಉಸಿರಿನ ಬಲ. ಇವೆರಡನ್ನು ಬೆರೆಸಿದುದೇ ತಪ್ಪು ಉಚ್ಚಾರದ ಮೂಲ. ಹಿರಿಯ ಮಗನ ಹಕ್ಕನ್ನು ಹೇಳುವ ‘ಪ್ರೈಮೊಜೆನಿಚರ್’ನಲ್ಲಿಯೂ ಒತ್ತು ‘ಜೆ’ಯ ಮೇಲೆಯೇ.

ಉಚ್ಚಾರಕ್ಕಿಂತ ಅರ್ಥದಲ್ಲಿ ಎಚ್ಚರ ಹೆಚ್ಚು ಬೇಕು. ತಂದೆ 1066ರಲ್ಲಿ ಇಂಗ್ಲೆಂಡಿನ ದೊರೆಯಾದ ಮೇಲೆ ಹುಟ್ಟಿದ ಮೊದಲನೆಯ ಹೆನ್ರಿಯು ಅಣ್ಣ ರಾಬರ್ಟನನ್ನು ಮೀರಿ 1100ರಲ್ಲಿ ಪಟ್ಟವೇರಿದುದನ್ನು ಸಮರ್ಥಿಸಲು ಈ ವಾದ ಒದಗಿತು. ನಮ್ಮ ಚರಿತ್ರೆಯಲ್ಲಿಯೂ ಕಿರಿಯರು ಪಟ್ಟವೇರಿದ್ದುಂಟು. ರಾಷ್ಟ್ರಕೂಟ ಧ್ರುವನು ಹಿರಿಯನಾದ ಸ್ತಂಭನನ್ನು ಬಿಟ್ಟು ಮುಮ್ಮಡಿ ಗೋವಿಂದನನ್ನು ಆರಿಸಿದನು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಅಣ್ಣ ಇಮ್ಮಡಿ ಸೋಮೇಶ್ವರನನ್ನು ತೊಲಗಿಸಿದನು. ಮೊದಲನೆಯದರ ಆಧಾರ ತಂದೆಯ ಆಯ್ಕೆ, ಎರಡನೆಯದರದು ತೋಳ್ಬಲ. ಬಿಲ್ಹಣನ ಕಾವ್ಯ ಅದಕ್ಕೆ ದೈವಸಂಕಲ್ಪದ ಸಮರ್ಥನೆಯನ್ನು ಕೂಡಿಸಿತು. ಜನನಕಾಲದ ತರ್ಕ ಇವೆರಡಕ್ಕೂ ಆಧಾರವಲ್ಲ. ಆದಕಾರಣ ಇವನ್ನು ಈ ಪದದಿಂದ ಹೆಸರಿಸುವುದು ಸಲ್ಲದು. ಕನ್ನಡದಲ್ಲಿ ‘ಪಟ್ಟೋತ್ತರಜನ್ಮಾಧಿಕಾರ’ ಎಂದು ಕರೆದರೆ ಆ ಗೊಂದಲಕ್ಕೆ ಎಡೆಯಿರದು.